ಹರಾಜಿನ ವಾಹನ ಕೊಳ್ಳುವಿರಾ? ಮೊದಲು ಕಾಲ್ಚಾಪೆ ಎತ್ತಿ ನೋಡಿ

ಸರ್ಕಾರಿ ಹರಾಜಿಗೆ ಬರುವ ವಾಹನಗಳಲ್ಲಿ ಎರಡು ಬಗೆ. ಇಲಾಖೆಗಳೇ ಓಡಿಸಿ ಹಳತಾದವು ಒಂದು. ಪೊಲೀಸ್, ಅಬಕಾರಿ, ಅರಣ್ಯ ಇಲಾಖೆಗಳು ಮುಟ್ಟುಗೋಲು ಹಾಕಿಕೊಂಡವು ಇನ್ನೊಂದು. ಗೋವಾ ಗಡಿಗೆ ತಾಗಿದ ಕಾರವಾರದ ಕಡೆ ಎರಡನೆಯ ಬಗೆಗೆ ಬರವಿಲ್ಲ. ಮಾಜಾಳಿಯಲ್ಲಿ ಮದ್ಯದ ಸಮೇತ ಸಿಕ್ಕಿಬಿದ್ದ ಕಾರು, ಬೈಕುಗಳು ಕೊನೆಗೆ ಬರುವುದು ಹರಾಜಿಗೇ.

ಅಡಿಕೆ ತೋಟಕ್ಕೊಂದು ಹಳೆಯ ಇಲಾಖಾ ಜೀಪು ಸಿಕ್ಕರೆ ಸಾಕು ಎಂದು ಶಿರಸಿ ಕಡೆಯ ಹಲವರು ಕಾಯುತ್ತಾರೆ. ಅವರಿಗೊಂದು ಎಚ್ಚರಿಕೆ: 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸುತ್ತಿಲ್ಲ. ಅವು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು. ಜನರೇಟರ್, ಪಂಪು, ಮೇಜು-ಕುರ್ಚಿಗಳಿಗೆ ಈ ತೊಡಕಿಲ್ಲ.

ಪ್ರಕಟಣೆ ಕಚೇರಿಯ ಸೂಚನಾ ಫಲಕದಲ್ಲಿ, ಪತ್ರಿಕೆಯಲ್ಲಿ ಬರುತ್ತದೆ. ಅನೇಕ ಹರಾಜುಗಳು ಈಗ ಕೇಂದ್ರ ಸರ್ಕಾರಿ ಸಂಸ್ಥೆ ಎಂಎಸ್‌ಟಿಸಿಯ ಜಾಲತಾಣದಲ್ಲಿ ನಡೆಯುತ್ತವೆ. ಅಲ್ಲಿ ಮೊದಲೇ ಹೆಸರು ನೋಂದಾಯಿಸಿ ಠೇವಣಿ ಕಟ್ಟಿರಬೇಕು.

ವಾಹನವನ್ನು ನೋಡಲು ಒಂದು ದಿನ ಗೊತ್ತುಮಾಡಿರುತ್ತಾರೆ. ಅಂದು ಮೆಕ್ಯಾನಿಕ್ಕನನ್ನು ಕರೆದುಕೊಂಡೇ ಹೋಗಿ. ‘ಇದ್ದ ಸ್ಥಿತಿಯಲ್ಲೇ’ ಮಾರುವುದರಿಂದ ಆಮೇಲೆ ದೂರುವಂತಿಲ್ಲ. ಕರಾವಳಿಯ ಉಪ್ಪುಗಾಳಿ, ಬಯಲಲ್ಲಿ ಕಳೆದ ಎರಡು ಮಳೆಗಾಲ ಕಬ್ಬಿಣವನ್ನು ತಿಂದುಹಾಕುತ್ತವೆ. ನಾನು ನೋಡಿದ ಕಾರೊಂದರ ಬಣ್ಣ ಹೊಸದರಂತಿತ್ತು; ಚಾಲಕನ ಕಾಲಡಿಯ ಚಾಪೆ ಎತ್ತಿದರೆ ಕೆಳಗಿನ ಹುಲ್ಲು ಕಂಡಿತು. ಚಾಸಿಯನ್ನು, ಅಂದರೆ ವಾಹನದ ಅಡಿಯ ಕಬ್ಬಿಣದ ಚೌಕಟ್ಟನ್ನು, ಸ್ಕ್ರೂಡ್ರೈವರ್‌ ಹಿಡಿಯಿಂದ ತಟ್ಟಿ: ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಪೊಳ್ಳಾಗಿ ಸದ್ದು ಮಾಡುತ್ತದೆ. ಆಯಿಲ್ ಕಡ್ಡಿ ಎಳೆದು ನೋಡಿ. ಎಣ್ಣೆ ಹಾಲು ಬೆರೆತ ಚಹಾದಂತಿದ್ದರೆ ಎಂಜಿನ್ನಿಗೆ ನೀರು ಸೇರಿದೆ. ಅದರ ಗೊಡವೆಯೇ ಬೇಡ. ಬಾನೆಟ್ಟಿನೊಳಗೆ ಇಲಿ ಕಡಿದ ವೈರುಗಳೂ ಸಿಗಬಹುದು.

ಚಾಸಿ ಸಂಖ್ಯೆ ಪಟ್ಟಿಯಲ್ಲಿರುವುದಕ್ಕೆ ಹೊಂದಬೇಕು. ಬಾಕಿ ತೆರಿಗೆ, ದಂಡ, ಬ್ಯಾಂಕಿನ ಸಾಲ ಇದೆಯೇ, ಆರ್‌ಸಿ ಸಿಗುವುದೇ ಎಂದು ಕೇಳಿ ತಿಳಿಯಿರಿ. ಗೋವಾ ನೋಂದಣಿಯ ಕಾರಾದರೆ ಮರುನೋಂದಣಿ, ಕರ್ನಾಟಕದ ತೆರಿಗೆಯ ಖರ್ಚು ಬೇರೆ. ಇದನ್ನೆಲ್ಲ ಕೂಡಿಸಿ, ಎಷ್ಟರವರೆಗೆ ಕೂಗುವಿರೆಂದು ಮನೆಯಲ್ಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಪಕ್ಕದವನು ಏರಿಸಿದನೆಂದು ಹಟಕ್ಕೆ ಬಿದ್ದು ಕೂಡಿಟ್ಟ ದುಡಿಮೆಯನ್ನೆಲ್ಲ ಸುರಿಯುವ ಹುಡುಗರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಹರಾಜು ನಿಮ್ಮ ಹೆಸರಿಗೆ ನಿಂತರೆ ಉಳಿದ ಹಣವನ್ನು ಗಡುವಿನೊಳಗೆ ಕಟ್ಟಿ. ತಪ್ಪಿದರೆ ಠೇವಣಿ ಕೈಬಿಟ್ಟು ಹೋಗುತ್ತದೆ. ಮಾರಾಟ ದೃಢೀಕರಣ ಆದೇಶವನ್ನು ಕೇಳಿ ಪಡೆಯಿರಿ. ವಾಹನ ಕೈಗೆ ಬಂದ 30 ದಿನಗಳೊಳಗೆ ಆ ಆದೇಶದೊಂದಿಗೆ ನಮೂನೆ 32ರಲ್ಲಿ ನಿಮ್ಮ ವ್ಯಾಪ್ತಿಯ ಆರ್‌ಟಿಒ ಕಚೇರಿಗೆ, ಅಂದರೆ ಕಾರವಾರ, ಶಿರಸಿ, ಹೊನ್ನಾವರ ಅಥವಾ ದಾಂಡೇಲಿಗೆ, ಅರ್ಜಿ ಕೊಡಬೇಕು. ವಿಮೆಯಿಲ್ಲದೆ ರಸ್ತೆಗಿಳಿಸಬೇಡಿ. ಬಹುಕಾಲ ನಿಂತ ವಾಹನದ ಬ್ಯಾಟರಿ ಸತ್ತಿರುತ್ತದೆ, ಬ್ರೇಕು ಹಿಡಿದುಕೊಂಡಿರುತ್ತದೆ. ತರಲು ಹೋಗುವ ದಿನ ಎಳೆದೊಯ್ಯುವ ಗಾಡಿಯನ್ನು ಜೊತೆಗೇ ಕರೆದೊಯ್ಯಿರಿ.