ಆಷಾಢದ ಮಳೆಯಲ್ಲಿ 1,760 ಗ್ರಾಂ ಕೂಸು

ಡಿಸ್ಚಾರ್ಜ್ ಚೀಟಿ ಬರೆಯುವ ಮೊದಲು ಸಿಸ್ಟರ್ ಕೇಳಿದ್ದು ಒಂದೇ ಪ್ರಶ್ನೆ. "ಮನೇಲಿ ಮಗೂನ ಬೆಚ್ಚಗೆ ಹೇಗೆ ಇಡ್ತೀರಿ?" ಮಲೆನಾಡಿನವನಿಗೆ ಇದೇನು ದೊಡ್ಡ ಪ್ರಶ್ನೆ ಅಂದುಕೊಂಡು ಎಲ್ಲ ಹೇಳಿದೆ. ಕಂಬಳಿ ಇದೆ, ಬಚ್ಚಲೊಲೆ ದಿನವಿಡೀ ಉರಿಯುತ್ತದೆ, ಬಾಣಂತಿ ಕೋಣೆಗೆ ಕೆಂಡದ ಬಾಣಲೆ ಇಡುತ್ತೇವೆ. ಅವರು ಎಲ್ಲ ಕೇಳಿಸಿಕೊಂಡು ನನ್ನ ಅಂಗಿಯ ಮೇಲಿನ ಮೂರು ಗುಂಡಿ ಬಿಚ್ಚಲು ಹೇಳಿದರು. ಲಂಗೋಟಿ, ಟೋಪಿ, ಕಾಲುಚೀಲ ಬಿಟ್ಟರೆ ಬರಿಮೈಯಲ್ಲಿದ್ದ ಮಗನನ್ನು ನನ್ನ ಎದೆಗೆ ಕಪ್ಪೆಯ ಹಾಗೆ ಕೂರಿಸಿ, ಮೇಲೆ ಬಟ್ಟೆ ಕಟ್ಟಿದರು. "ಇದೇ ನಿಮ್ಮ ಒಲೆ. ಅಮ್ಮ ಒಬ್ಬರಿಂದ ಆಗಲ್ಲ, ನೀವೂ ಹಿಡೀಬೇಕು."

ಅವನು ಹುಟ್ಟಿದ್ದು 31ನೇ ವಾರಕ್ಕೆ. ಹೆಂಡತಿಗೆ ಬಿಪಿ ಏರಿ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಕರೆದುಕೊಂಡು ಹೋದ ರಾತ್ರಿಯೇ ಸಿಸೇರಿಯನ್. ಹುಟ್ಟಿದಾಗ 1,380 ಗ್ರಾಂ, 33 ದಿನ ಆಸ್ಪತ್ರೆ, ಮನೆಗೆ ಹೊರಟಾಗ 1,760 ಗ್ರಾಂ. ನಮ್ಮದು ತೀರ್ಥಹಳ್ಳಿಯಿಂದಲೂ ಒಳಗೆ, ತೋಟದ ನಡುವಿನ ಒಂಟಿಮನೆ. ಆಷಾಢ ಹಿಡಿದಿತ್ತು. ಕರೆಂಟು ಹೋದರೆ ಎರಡು ಮೂರು ದಿನ ಬಾರದ ಕಾಲ, ಫೋನು ಮಾಡಬೇಕಾದರೆ ಗುಡ್ಡದ ನೆತ್ತಿಗೆ ಹತ್ತಬೇಕು. ಆ ಐದು ವಾರ ನಾವು ಏನೇನು ಮಾಡಿದೆವು ಅನ್ನುವುದನ್ನು ಬರೆದಿಡುತ್ತಿದ್ದೇನೆ. ನಮ್ಮ ಕಡೆ ಇಂಥ ಕೂಸು ಹೊತ್ತು ಮನೆಗೆ ಬರುವ ಇನ್ನೊಬ್ಬ ಅಪ್ಪನಿಗೆ ಬೇಕಾಗಬಹುದು.

ಬೇಗ ಹುಟ್ಟಿದ ಮಗುವಿಗೆ ಚಳಿ ಯಾಕೆ ಅಷ್ಟು ಅಪಾಯ ಅನ್ನುವುದನ್ನು ಡಾಕ್ಟರು ತಾಳ್ಮೆಯಿಂದ ತಿಳಿಸಿದ್ದರು. ಬಸುರಿನ ಕೊನೆಯ ವಾರಗಳಲ್ಲಿ ಮಗುವಿನ ಮೈಗೆ ಕೊಬ್ಬು ಕೂಡುತ್ತದಂತೆ. ಅದರಲ್ಲೂ ಕುತ್ತಿಗೆ, ಬೆನ್ನಿನ ಕಡೆ ಇರುವ ಕಂದು ಬಣ್ಣದ ಕೊಬ್ಬು ಶಾಖ ಹುಟ್ಟಿಸುವುದಕ್ಕೆಂದೇ ಇರುವುದು. ನಮ್ಮವನಿಗೆ ಅದು ಕೂಡುವ ಮೊದಲೇ ಹೆರಿಗೆ ಆಗಿತ್ತು. ಚರ್ಮ ತೆಳು, ತಲೆ ದೊಡ್ಡದು, ತೂಕಕ್ಕೆ ಹೋಲಿಸಿದರೆ ಮೈಯ ಹರವು ಹೆಚ್ಚು. ಕುಡಿದ ಹಾಲೆಲ್ಲ ಮೈ ಬಿಸಿ ಉಳಿಸಿಕೊಳ್ಳುವುದಕ್ಕೇ ಖರ್ಚಾದರೆ ತೂಕ ಎಲ್ಲಿಂದ ಬರಬೇಕು? ಕೆಂಡ ಕೋಣೆಯನ್ನು ಬಿಸಿ ಮಾಡುತ್ತದೆ ನಿಜ, ಆದರೆ ಅದರ ಹೊಗೆ ಇನ್ನೂ ಬಲಿಯದ ಶ್ವಾಸಕೋಶಕ್ಕೆ ವಿಷ. ಎದೆಯ ಬಿಸಿಗೆ ಹೊಗೆಯೂ ಇಲ್ಲ, ಕರೆಂಟೂ ಬೇಡ. ಕಾಂಗರೂ ಆರೈಕೆ ಅನ್ನುವ ಈ ಕ್ರಮ 1978ರಲ್ಲಿ ಕೊಲಂಬಿಯಾದ ಬೊಗೋಟಾದ ಒಂದು ಆಸ್ಪತ್ರೆಯಲ್ಲಿ ಶುರುವಾದದ್ದು, ಅಲ್ಲಿ ಇನ್‌ಕ್ಯುಬೇಟರ್ ಸಾಲುತ್ತಿರಲಿಲ್ಲ. ಈಗ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 8ರಿಂದ 24 ಗಂಟೆ, ಆದಷ್ಟು ಹೆಚ್ಚು ಹೊತ್ತು ಮಾಡಿ ಅನ್ನುತ್ತದೆ.

ಮನೆಗೆ ಬಂದ ದಿನವೇ ಅಮ್ಮನ ಜೊತೆ ಮಾತಾಗಬೇಕಾಯಿತು. ಅಮ್ಮ ಊರಲ್ಲಿ ಎಷ್ಟೋ ಬಾಣಂತನ ಮಾಡಿದವಳು. ಹಂಡೆಯಲ್ಲಿ ನೀರು ಕಾಯಿಸಿ, ಎಣ್ಣೆ ಬಿಸಿಗಿಟ್ಟು, ಸಾಂಬ್ರಾಣಿ ತೆಗೆದಿಟ್ಟು ಕಾಯುತ್ತಿದ್ದಳು. "ಮಗೀಗೆ ನೀರು ಹಾಕ್ದೆ ಎಷ್ಟು ದಿನ ಇಡ್ತೀಯ ಮಾರಾಯ? ಮೈ ಗಟ್ಟಿ ಆಗೋದು ಹೇಗೆ?" ಅಂದಳು. ನಾನು ವಾದಕ್ಕೆ ಹೋಗಲಿಲ್ಲ. ಡಿಸ್ಚಾರ್ಜ್ ಚೀಟಿ ಓದಿ ಹೇಳಿದೆ. ಎರಡೂವರೆ ಕೆಜಿ ಆಗುವವರೆಗೆ ಸ್ನಾನ ಇಲ್ಲ, ಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಬೇಗ ಒರೆಸುವುದಷ್ಟೇ. ಧೂಪ ಇಲ್ಲ. ಬಜೆ, ಜೇನು, ಸಕ್ಕರೆ ನೀರು ಯಾವುದೂ ಇಲ್ಲ. ಕಿವಿ, ಮೂಗಿಗೆ ಎಣ್ಣೆ ಇಲ್ಲ. ಅಮ್ಮ ಸುಮ್ಮನೆ ಎದ್ದು ಹೋಗಿ ಸಾಂಬ್ರಾಣಿ ಡಬ್ಬಿಯನ್ನು ನಾಗೊಂದಿಗೆ ಮೇಲಿಟ್ಟಳು. ಅವಳಿಗೆ ನೋವಾಗಿತ್ತು, ನನಗೂ ಆಗಿತ್ತು.

ಆದರೆ ಅವಳು ಇಲ್ಲದಿದ್ದರೆ ಈ ಐದು ವಾರ ದಾಟುತ್ತಿರಲಿಲ್ಲ ಅನ್ನುವುದು ಮರುದಿನವೇ ಗೊತ್ತಾಯಿತು. ಮಗನಿಗೆ ಎರಡು ಗಂಟೆಗೊಮ್ಮೆ ಹಾಲು, ಒಂದು ಸಲಕ್ಕೆ ಸುಮಾರು 25 ಮಿ.ಲೀ. ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಒಂದು ಲಯಕ್ಕೆ ಬರುವುದು 34ನೇ ವಾರದ ಹೊತ್ತಿಗಂತೆ. ಅವನಿಗೆ ಲಯ ಬಂದಿತ್ತು, ಶಕ್ತಿ ಇರಲಿಲ್ಲ. ಹತ್ತು ನಿಮಿಷ ಮೊಲೆ ಚೀಪಿ ನಿದ್ದೆ ಹೋಗುತ್ತಿದ್ದ. ಉಳಿದದ್ದನ್ನು ಹಿಂಡಿ ಕುಡಿಸಬೇಕಿತ್ತು, ಬಾಟಲಿ ಕೂಡದು. ಆಸ್ಪತ್ರೆಯವರು ಕೊಟ್ಟ ಪಾಲಡೆಯನ್ನು, ಅಂದರೆ ಮೂತಿಯಿರುವ ಪುಟ್ಟ ಸ್ಟೀಲಿನ ಬಟ್ಟಲನ್ನು, ನೋಡಿ ಅಮ್ಮ, "ಇದು ಒಳಲೆ ಅಲ್ವನಾ!" ಅಂದಳು. ನಾನು ಹಿಡಿದರೆ ಗಲ್ಲದ ಮೇಲೆಲ್ಲ ಹಾಲು. ಅಮ್ಮ ಹಿಡಿಯುವ ರೀತಿಯೇ ಬೇರೆ. ಮಗುವನ್ನು ಅರ್ಧ ಕೂರಿಸಿ, ತಲೆಗೆ ಅಂಗೈ ಕೊಟ್ಟು, ಒಳಲೆಯ ಮೂತಿಯನ್ನು ಬಾಯಿಯ ಮೂಲೆಗೆ ತಾಗಿಸುತ್ತಾಳೆ. ಸುರಿಯುವುದಿಲ್ಲ. ಹಾಲು ತುಟಿಗೆ ತಾಗಿದರೆ ಸಾಕು, ನಾಲಿಗೆ ತಾನೇ ಮುಂದೆ ಬಂದು ನೆಕ್ಕಿಕೊಳ್ಳುತ್ತದೆ. ನುಂಗಿದ ಸದ್ದು ಕೇಳಿ, ಒಂದು ಉಸಿರು ಆದ ಮೇಲೆ ಮುಂದಿನ ಹನಿ. 25 ಮಿ.ಲೀ. ಮುಗಿಯಲು ಇಪ್ಪತ್ತು ನಿಮಿಷ ಬೇಕು. ಆತುರ ಮಾಡಿದರೆ ಹಾಲು ನೆತ್ತಿಗೆ ಹತ್ತುತ್ತದೆ. ಅದನ್ನು ಕಲಿಯಲು ನನಗೆ ಮೂರು ದಿನ ಹಿಡಿಯಿತು. ಆಮೇಲೆ ರಾತ್ರಿ ಹನ್ನೆರಡು ಮತ್ತು ಎರಡರ ಪಾಳಿ ನನ್ನದಾಯಿತು. ಹೆಂಡತಿ ಮಲಗುವ ಮುಂಚೆ ಹಿಂಡಿಟ್ಟ ಹಾಲು ಅದಕ್ಕೆ. ಫ್ರಿಜ್ ನಂಬುವ ಹಾಗಿರಲಿಲ್ಲ, ಹೊರಗಿಟ್ಟದ್ದನ್ನು ನಾಲ್ಕು ಗಂಟೆಯೊಳಗೆ ಮುಗಿಸುತ್ತಿದ್ದೆವು, ಮಿಕ್ಕಿದ್ದು ಚೆಲ್ಲುತ್ತಿದ್ದೆವು. ಚೆಲ್ಲುವಾಗ ಅವಳ ಮುಖ ನೋಡಲು ಆಗುತ್ತಿರಲಿಲ್ಲ.

ನಾಲ್ಕನೇ ದಿನ ಸಂಜೆ ಆದದ್ದನ್ನು ಬಿಡಿಸಿ ಹೇಳಬೇಕು. ಕರೆಂಟು ಹೋಗಿ ಒಂದು ದಿನ ಆಗಿತ್ತು. ಆಸ್ಪತ್ರೆಯವರು ಕೋಣೆ 26ರಿಂದ 28 ಡಿಗ್ರಿ ಇರಲಿ ಅಂದಿದ್ದರು, ನಮ್ಮ ಗೋಡೆಯ ಮಾಪಕದಲ್ಲಿ 21. ಮಗನನ್ನು ಸುತ್ತಿ ಮಲಗಿಸಿ ಇಬ್ಬರೂ ಊಟಕ್ಕೆ ಎದ್ದಿದ್ದೆವು. ತಿರುಗಿ ಬಂದು ಅಂಗಾಲು ಮುಟ್ಟಿದರೆ ಹೊಳೆಕಲ್ಲು ಮುಟ್ಟಿದ ಹಾಗೆ. ಹೊಟ್ಟೆ ಮುಟ್ಟಿದೆ, ಅದೂ ತಣ್ಣಗೆ. ಕಾಲು ಮಾತ್ರ ತಣ್ಣಗಿದ್ದರೆ ಚಳಿ ಹಿಡಿಯುತ್ತಿದೆ ಎಂದರ್ಥ, ಹೊಟ್ಟೆಯೂ ತಣ್ಣಗಾದರೆ ಮೈಯ ಶಾಖವೇ ಇಳಿದಿದೆ ಎಂದು ಸಿಸ್ಟರ್ ಹೇಳಿಕೊಟ್ಟಿದ್ದರು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ 96.4. ಇರಬೇಕಾದದ್ದು 97.7ರಿಂದ 99.5. ಯಾಕೆ ಹೀಗಾಯಿತೆಂದು ಹುಡುಕಿದಾಗ ಟೋಪಿಯ ಹಿಂಭಾಗ ಕೈಗೆ ಒದ್ದೆ ಹತ್ತಿತು. ಕುಡಿಸುವಾಗ ಸೋರಿದ ಹಾಲು ಕಿವಿಯ ಹಿಂದಿನಿಂದ ಇಳಿದು ಟೋಪಿ ನೆನೆಸಿತ್ತು. ಒಂದು ಚಮಚ ಹಾಲು ಇದ್ದೀತು, ಅಷ್ಟೇ.

ಒದ್ದೆ ಎಲ್ಲ ಕಿತ್ತು, ಒಣ ಟೋಪಿ ಹಾಕಿ, ಅವನನ್ನು ನನ್ನ ಎದೆಗೆ ಹಾಕಿಕೊಂಡೆ. ಹೆಂಡತಿ ಪಂಚೆಯನ್ನು ಅವನ ಕಿವಿಯ ಕೆಳಗಿನವರೆಗೆ ಬಿಗಿದು ಕಟ್ಟಿದಳು. ಕೆನ್ನೆ ಒಂದು ಪಕ್ಕಕ್ಕೆ, ಗಲ್ಲ ಎದೆಗೆ ಒತ್ತದ ಹಾಗೆ ತುಸು ಮೇಲಕ್ಕೆ, ಉಸಿರಿನ ದಾರಿ ಮಡಚಬಾರದು. ಮೇಲೆ ಕಂಬಳಿ. ಗೋಡೆಗೆ ದಿಂಬು ಕೊಟ್ಟು ಅರ್ಧ ಒರಗಿ ಕೂತೆ. ಮೊದಲು ಅವನ ಕಾಲು ನನ್ನ ಹೊಟ್ಟೆಗೆ ತಣ್ಣಗೆ ಚುಚ್ಚುತ್ತಿತ್ತು. ಕಾಲು ಗಂಟೆ ಕಳೆದ ಮೇಲೆ ಯಾವ ಜಾಗದಲ್ಲಿ ಅವನ ಕಾಲು, ಯಾವುದು ನನ್ನ ಹೊಟ್ಟೆ ಎಂದು ಗೊತ್ತಾಗದಾಯಿತು. ಒಂದು ಗಂಟೆಗೆ 97.9. ಎದ್ದ ಕೂಡಲೇ ಹಾಲು ಕುಡಿದ. ಶಾಖ ಏರದಿದ್ದರೆ ಅಥವಾ ಹಾಲು ಬೇಡ ಅಂದಿದ್ದರೆ ರಾತ್ರಿಯೇ ಹೊರಡುವುದೆಂದು ಜೀಪಿನವರಿಗೆ ಆಳಿನ ಕೈಲಿ ಹೇಳಿ ಕಳಿಸಿದ್ದೆ. ಅವರು ಡೀಸೆಲ್ ತುಂಬಿಸಿ ಜಗಲಿಯಲ್ಲೇ ಕೂತಿದ್ದರು.

ಅವತ್ತಿನಿಂದ ಎದೆ ಖಾಲಿ ಬಿಡಲಿಲ್ಲ. ಅವಳ ಎದೆಯಿಂದ ನನ್ನ ಎದೆಗೆ, ನನ್ನಿಂದ ಅವಳಿಗೆ. ದಿನಕ್ಕೆ 16, 17 ಗಂಟೆ ಆಗುತ್ತಿತ್ತು. ಎದೆಗೆ ಹಾಕಿಕೊಂಡವರು ತೂಕಡಿಸಿದರೆ ಇನ್ನೊಬ್ಬರು ಎಚ್ಚರ ಇರಬೇಕು, ಇಲ್ಲವಾದರೆ ಮಗುವನ್ನು ಅಂಗಾತ ಮಲಗಿಸಬೇಕು ಎಂದು ನಿಯಮ ಮಾಡಿಕೊಂಡೆವು. ಬಟ್ಟೆಯ ಜವಾಬ್ದಾರಿ ಅಮ್ಮನದು. ಮಳೆಗಾಲದಲ್ಲಿ ನಮ್ಮಲ್ಲಿ ಬಟ್ಟೆ ಒಣಗುವುದೇ ಇಲ್ಲ, ಬಚ್ಚಲ ಹಗ್ಗಕ್ಕೆ ಹಾಕಿದರೆ ಹೊಗೆ ಹಿಡಿಯುತ್ತದೆ. ಅಮ್ಮ ಅಟ್ಟದಿಂದ ಹಳೆಯ ಕೆಂಡದ ಇಸ್ತ್ರಿಪೆಟ್ಟಿಗೆ ಇಳಿಸಿ, ಹೊರಗಿನ ಜಗಲಿಯಲ್ಲಿ ಕೂತು ಒಂದೊಂದೇ ಲಂಗೋಟಿ, ಟೋಪಿಯನ್ನು ಒಣಗುವವರೆಗೆ ತೀಡುತ್ತಿದ್ದಳು. ತಂದು ನನ್ನ ಕೆನ್ನೆಗೆ ಒತ್ತಿ, "ಒದ್ದೆ ಉಂಟಾ ನೋಡು" ಅನ್ನುತ್ತಿದ್ದಳು. ನೋಡಲು ಬಂದ ನೆಂಟರನ್ನು ಅದೇ ಜಗಲಿಯಲ್ಲೇ ಕೂರಿಸಿ, ಕಾಫಿ ಕೊಟ್ಟು ಕಳಿಸುತ್ತಿದ್ದವಳೂ ಅವಳೇ. ನಾನು ಹೇಳಿದ್ದರೆ ಮುನಿಸಾಗುತ್ತಿತ್ತು. ಹೆಸರಿಡುವುದನ್ನೂ ಮುಂದೆ ಹಾಕಿದೆವು.

ಉಸಿರಿನ ವಿಷಯ. ಅವನು ಐದಾರು ಸೆಕೆಂಡು ಉಸಿರು ನಿಲ್ಲಿಸಿ ಮತ್ತೆ ಬೇಗ ಬೇಗ ಎಳೆದುಕೊಳ್ಳುತ್ತಿದ್ದ. ಬೇಗ ಹುಟ್ಟಿದ ಮಕ್ಕಳಲ್ಲಿ ಇದು ಸಾಮಾನ್ಯವಂತೆ. 20 ಸೆಕೆಂಡು ನಿಂತರೆ, ತುಟಿ ನೀಲಿಯಾದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರಿದ್ದರೆ, ಪಕ್ಕೆ ಒಳಗೆ ಎಳೆದರೆ ಕಾಯುವ ಮಾತೇ ಇಲ್ಲ, ಆಸ್ಪತ್ರೆಗೆ ಓಡಬೇಕು. ನಿಮಿಷ ಪೂರ್ತಿ ಎಣಿಸಬೇಕು, ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ.

ಮೊದಲ ವಾರದ ಕೊನೆಗೆ ಆಶಾ ಅಕ್ಕ ಕೊಡೆ ಹಿಡಿದು, ಜಿಗಣೆ ಕಿತ್ತುಕೊಳ್ಳುತ್ತಾ ಬಂದರು. ತೂಗುವ ಜೋಳಿಗೆಯಲ್ಲಿ ಹಾಕಿದರೆ 1,820. ಏಳು ದಿನಕ್ಕೆ ಬರೀ 60 ಗ್ರಾಂ. ನಾನು ಇಟ್ಟ ನೋಟ್‌ಬುಕ್ ತಿರುವಿ ನೋಡಿ, ಬೆಳಗಿನ ಜಾವ ನಾಲ್ಕರ ಹಾಲು ಮೂರು ದಿನ ತಪ್ಪಿದ್ದನ್ನು ಅವರೇ ತೋರಿಸಿದರು. "ಅಳಲಿಲ್ಲ ಅಂತ ಬಿಟ್ರಾ? ಈ ಮಕ್ಕಳು ಹಸಿದ್ರೂ ಅಳಲ್ಲ, ಎಬ್ಬಿಸಿ ಕೊಡಬೇಕು" ಅಂದರು. ಅಂಗಾಲು ತಟ್ಟಿ ಎಬ್ಬಿಸುವುದು ಶುರುವಾಯಿತು. ಮುಂದಿನ ವಾರ 1,990. ಆ ರಾತ್ರಿ ಮೂವರೂ ಹೊಟ್ಟೆ ತುಂಬಾ ಉಂಡೆವು.

ಕಣ್ಣಿನ ಪರೀಕ್ಷೆ ಮಾತ್ರ ಯಾರೂ ತಪ್ಪಿಸಬೇಡಿ. ಬೇಗ ಹುಟ್ಟಿದವರಿಗೆ ಅಕ್ಷಿಪಟಲದ ರಕ್ತನಾಳ ಇನ್ನೂ ಬೆಳೆದು ಮುಗಿದಿರುವುದಿಲ್ಲ, ಅಡ್ಡಾದಿಡ್ಡಿ ಬೆಳೆದರೆ ಕಣ್ಣೇ ಹೋಗಬಹುದು. ಹೊರಗಿನಿಂದ ಏನೂ ಕಾಣದು. 34 ವಾರದೊಳಗೆ ಹುಟ್ಟಿದವರು, 2 ಕೆಜಿಗಿಂತ ಕಡಿಮೆ ಇದ್ದವರು ಹುಟ್ಟಿದ 30 ದಿನದೊಳಗೆ ಮೊದಲ ಪರೀಕ್ಷೆ ಮಾಡಿಸಬೇಕು. ನಮ್ಮದು ಆಸ್ಪತ್ರೆಯಲ್ಲೇ ಆಗಿತ್ತು, ಎರಡು ವಾರ ಬಿಟ್ಟು ಮತ್ತೆ ಬನ್ನಿ ಅಂದಿದ್ದರು. ಆ ದಿನ ಮಳೆ ಹೇಗಿತ್ತೆಂದರೆ ಮಂಡಗದ್ದೆ ಹತ್ತಿರ ತುಂಗೆ ರಸ್ತೆಗೆ ಸಮವಾಗಿ ಹರಿಯುತ್ತಿರುವ ಹಾಗೆ ಕಾಣುತ್ತಿತ್ತು. ಇಂಥ ಮಳೆಯಲ್ಲಿ ಬೇಡ ಎಂದು ಎಲ್ಲರೂ ಹೇಳಿದರು. ಆದರೂ ಹೊರಟೆವು. ಅವನು ಹೆಂಡತಿಯ ಎದೆಯ ಮೇಲೆ ದಾರಿಯುದ್ದಕ್ಕೂ ನಿದ್ದೆ ಮಾಡಿದ. ಇನ್ನೂ ಎರಡು ಸಲ ಹೋಗಿ ಬಂದ ಮೇಲೆ ನಾಳ ಪೂರ್ತಿ ಬೆಳೆದಿದೆ ಎಂದು ಬರೆದುಕೊಟ್ಟರು.

ಅಡಿಕೆ ತೋಟಕ್ಕೆ ಎರಡನೇ ಸಲ ಔಷಧಿ ಹೊಡೆಯುವುದು ಆ ವರ್ಷ ತಡವಾಯಿತು. ಮೈಲುತುತ್ತ ಮುಟ್ಟಿದ ಕೈಯಲ್ಲಿ ಅವನನ್ನು ಎದೆಗೆ ಹಾಕಿಕೊಳ್ಳುವುದು ನನಗೆ ಒಗ್ಗಲಿಲ್ಲ, ಹೊಡೆಯುವವರು ಸಿಗುವ ಹೊತ್ತಿಗೆ ಅಡಿಕೆಗೆ ಕೊಳೆರೋಗ ಬಿದ್ದಾಗಿತ್ತು.

ಶ್ರಾವಣದಲ್ಲಿ ತೂಕ 2,550 ಆಯಿತು, ಡಾಕ್ಟರು ಸ್ನಾನಕ್ಕೆ ಹೂಂ ಅಂದರು. ಅಮ್ಮ ಕಾಲು ಚಾಚಿ ಮಣೆಯ ಮೇಲೆ ಕೂತು, ಮೊಣಕೈಯಲ್ಲಿ ನೀರಿನ ಬಿಸಿ ನೋಡಿ, ಬರೀ ಐದು ತಂಬಿಗೆ ನೀರು ಹಾಕಿ ಎತ್ತಿದಳು. ಎಳೆಯಲಿಲ್ಲ, ತಟ್ಟಲಿಲ್ಲ. ಒರೆಸಿ ನನ್ನ ಕೈಗೆ ಕೊಟ್ಟಳು. ರೂಢಿಯಂತೆ ಎದೆಗೆ ಹಾಕಿ ಪಂಚೆ ಕಟ್ಟಿಕೊಂಡರೆ, ಮಗ ನನ್ನ ಹೊಟ್ಟೆಗೆ ಎರಡೂ ಕಾಲು ಕೊಟ್ಟು ಒದ್ದ. ತಲೆ ಎತ್ತಿ, ಕೈ ಹೊರಗೆ ತೆಗೆದು ಕಿರುಚಿದ. ಮರುದಿನವೂ ಹಾಗೇ ಮಾಡಿದ. ಹೀಗೆ ಹೊರಗೆ ಬರಲು ಶುರುಮಾಡಿದರೆ ಇನ್ನು ಅವನಿಗೆ ಅದು ಬೇಡವೆಂದು ಅರ್ಥ ಎಂದು ಸಿಸ್ಟರ್ ಮೊದಲೇ ಹೇಳಿದ್ದರು. ಅವನನ್ನು ಅಮ್ಮನ ಪಕ್ಕ ಮಲಗಿಸಿ, ಬುಟ್ಟಿ ತೆಗೆದುಕೊಂಡು ಉದುರಿದ ಅಡಿಕೆ ಹೆಕ್ಕಲು ತೋಟಕ್ಕೆ ಇಳಿದೆ.