ಎಲ್ರಾಯ್–ಸ್ಪಾರ್ಟಾ ಹಾದಿ: ಮೂರು ಸುರಂಗ, ಒಂದು ದಿನದ ಸೈಕಲ್ ಸವಾರಿ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಈ ಹಾದಿ 32 ಮೈಲಿ, ಅಂದರೆ ಸುಮಾರು 51 ಕಿ.ಮೀ. ಶಿಕಾಗೊ ಅಂಡ್ ನಾರ್ತ್ ವೆಸ್ಟರ್ನ್ ರೈಲು ನಿಂತ ಮೇಲೆ, 1960ರ ದಶಕದಲ್ಲೇ ಹಳಿ ಕಿತ್ತು ಸೈಕಲ್ಲಿಗೆ ಬಿಟ್ಟರು. ರೈಲಿಗೆಂದೇ ಹಾಕಿದ ದಾರಿಯಾದ್ದರಿಂದ ಕಡಿದಾದ ಏರಿಲ್ಲ, ಆದರೆ ಪ್ರತಿ ಸುರಂಗದ ಬಾಯಿಗೂ ನಿಧಾನವಾಗಿ ಹತ್ತಲೇಬೇಕು. ನಾವು ಎಲ್ರಾಯ್ ಕಡೆಯಿಂದ ಹೊರಟೆವು: ಕೊನೆಯ ಸುರಂಗ ದಾಟಿದ ಮೇಲೆ ಸ್ಪಾರ್ಟಾಕ್ಕೆ ಇಳಿಜಾರು, ದಣಿದ ಕಾಲಿಗೆ ಅದೇ ಹಿತ. ಒಂದು ಕಾರನ್ನು ಮೊದಲೇ ಸ್ಪಾರ್ಟಾದಲ್ಲಿ ಬಿಟ್ಟು ಬಂದಿದ್ದೆವು.

16 ವರ್ಷ ತುಂಬಿದವರಿಗೆ ಪಾಸ್ ಬೇಕು. ಕೆಂಡಾಲ್‌ನ ಹಳೇ ರೈಲು ನಿಲ್ದಾಣವೇ ಹಾದಿಯ ಕಚೇರಿ.

ನೆಲಕ್ಕೆ ಹಾಸಿರುವುದು ಸುಣ್ಣಕಲ್ಲಿನ ಪುಡಿ. 25 ಮಿ.ಮೀ. ಟೈರು ಮಳೆಯಾದ ಮರುದಿನ ಹೂತುಕೊಳ್ಳುತ್ತದೆ, 35 ಮಿ.ಮೀ. ಹಾಕಿ, ಗಾಳಿ ತುಸು ಕಡಿಮೆ ತುಂಬಿಸಿ. ನಾರ್ವಾಕ್ ಬಿಟ್ಟರೆ ಸ್ಪಾರ್ಟಾವರೆಗೆ ಸುಮಾರು 11 ಮೈಲಿ ಊರಿಲ್ಲ, ಆದ್ದರಿಂದ ಬಾಟಲಿಗಳನ್ನು ಅಲ್ಲೇ ತುಂಬಿಸಿಕೊಳ್ಳಬೇಕು.

ಮೂರನೆಯ ಸುರಂಗ ಅಲ್ಲಿಂದ ಮುಂದೆ ಸಿಗುತ್ತದೆ: 3,810 ಅಡಿ. 1873ರಲ್ಲಿ ಮುಗಿದದ್ದು. ಸೈಕಲ್ ಇಳಿದು ತಳ್ಳಿಕೊಂಡೇ ಹೋಗಬೇಕೆಂಬುದು ನಿಯಮ, ಅದಕ್ಕೆ ಕಾರಣವೂ ಇದೆ. ನಡುವೆ ಗವ್ವೆನ್ನುವ ಕತ್ತಲು, ಎರಡೂ ಅಂಚಿಗೆ ನೀರು ಹರಿಯುವ ಚರಂಡಿ. ಚಕ್ರ ಒಂದು ಗೇಣು ಸರಿದರೆ ಅದರೊಳಗೇ. ಮೇಲಿನಿಂದ ತಣ್ಣನೆ ನೀರು ತೊಟ್ಟಿಕ್ಕುತ್ತದೆ, ಕೆಲವೆಡೆ ಸಣ್ಣ ಮಳೆಯಂತೆಯೇ. ಜುಲೈ ಬಿಸಿಲಿನಲ್ಲೂ ಒಳಗೆ ಜಾಕೆಟ್ ಬೇಕು. ಮೊಬೈಲಿನ ಬೆಳಕು ಸಾಲದು, ಒದ್ದೆ ಕೈಯಲ್ಲಿ ಜಾರುವುದೂ ಉಂಟು. ಹಣೆಗೆ ಕಟ್ಟುವ ಟಾರ್ಚ್ ಇದ್ದರೆ ಎರಡೂ ಕೈ ಹ್ಯಾಂಡಲಿಗೆ ಸಿಗುತ್ತವೆ. ಎದುರಿನವರ ಕಣ್ಣಿಗೆ ಹೊಡೆಯದಂತೆ ಅದನ್ನು ನೆಲಕ್ಕೆ ಬಾಗಿಸಿ. ಸುರಂಗದ ಬಾಯಲ್ಲೇ ಕರಿ ಕನ್ನಡಕ ತೆಗೆದು ಒಂದು ನಿಮಿಷ ನಿಂತರೆ ಕಣ್ಣು ಕತ್ತಲಿಗೆ ತುಸು ಹೊಂದಿಕೊಳ್ಳುತ್ತದೆ. ದಾಟಲು ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ.

ಸುರಂಗದ ಬಾಯಲ್ಲಿರುವ ಭಾರೀ ಮರದ ಬಾಗಿಲುಗಳನ್ನು ನೋಡದೆ ಮುಂದೆ ಹೋಗಬೇಡಿ. ರೈಲಿನ ಕಾಲದಲ್ಲಿ ಚಳಿಗಾಲದಲ್ಲಿ ಒಳಗಿನ ನೀರು ಹೆಪ್ಪುಗಟ್ಟಿ ಗೋಡೆ ಸೀಳದಿರಲೆಂದು ಅವನ್ನು ಮುಚ್ಚಿಟ್ಟು, ಗಾಡಿ ಬಂದಾಗಷ್ಟೇ ಕಾವಲುಗಾರ ತೆರೆಯುತ್ತಿದ್ದ.

ಸ್ಪಾರ್ಟಾದಲ್ಲಿ ಗಗನಯಾತ್ರಿ ಡೀಕ್ ಸ್ಲೇಟನ್ ಹೆಸರಿನ ವಸ್ತುಸಂಗ್ರಹಾಲಯವಿದೆ. ಹಳೇ ಸೈಕಲ್‌ಗಳೂ ಬಾಹ್ಯಾಕಾಶದ ವಸ್ತುಗಳೂ ಒಂದೇ ಸೂರಿನಡಿ. ಅದಕ್ಕೊಂದು ಗಂಟೆ ಉಳಿಸಿಕೊಳ್ಳಿ.

ಮನೆಗೆ ಬಂದ ರಾತ್ರಿಯೇ ಚೈನನ್ನು ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಬಿಡಿ. ಒದ್ದೆ ಸುಣ್ಣಕಲ್ಲು ಒಣಗಿದರೆ ಸಿಮೆಂಟಿನಂತೆ ಕಚ್ಚಿಕೊಳ್ಳುತ್ತದೆ.