ಜೋಂಬಿ ಬಂದರೆ ಒಂದು ಬೈರಾಸು, ದಾರಿ ಕ್ಲಿಯರ್ ಇದ್ದರೆ ಎರಡು

ಮಂಗಳೂರಿನ ಒಂದು ಕಾಲೇಜಿನ ಫೆಸ್ಟ್‌ನಲ್ಲಿ ಡಿಸೈನ್ ಥಿಂಕಿಂಗ್, ಅಂದರೆ ಬಳಸುವವರ ಕಷ್ಟ ತಿಳಿದು ಪರಿಹಾರ ಹುಡುಕುವ ವಿಧಾನದ ಸ್ಪರ್ಧೆ ಇತ್ತು. ಕೊಟ್ಟ ಸಮಸ್ಯೆ ಇದು: ಊರಿಗೆ ಜೋಂಬಿಗಳು ನುಗ್ಗಿವೆ. ಕರೆಂಟಿಲ್ಲ, ಮೊಬೈಲ್ ಟವರ್‌ಗಳೆಲ್ಲ ಬಂದ್, ಇಂಟರ್ನೆಟ್ಟಂತೂ ಇಲ್ಲವೇ ಇಲ್ಲ. ಜೋಂಬಿಗಳಿಗೆ ಕಣ್ಣು ಅಷ್ಟಕ್ಕಷ್ಟೆ, ಕಿವಿ ಮಾತ್ರ ಭಾರೀ ಚುರುಕು. ಬದುಕಿ ಉಳಿದವರು ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುವುದು ಹೇಗೆ?

ನಮ್ಮದು ನಾಲ್ಕು ಜನರ ತಂಡ. ಇಬ್ಬರು ಮೆಕ್ಯಾನಿಕಲ್ ಹುಡುಗರು, ಒಬ್ಬಳು ಇಸಿ (ಎಲೆಕ್ಟ್ರಾನಿಕ್ಸ್), ಮತ್ತೆ ಬಿ.ಕಾಂ ಓದುವ ನಾನು. ಇಂಥ ಸ್ಪರ್ಧೆಗೆ ಬಿ.ಕಾಂನವರು ಯಾಕೆ ಅಂತ ಕೇಳಿದವರು ಜಾಸ್ತಿ ಜನ. ಜನರ ಹತ್ತಿರ ಮಾತಾಡುವ ಕೆಲಸ ನನ್ನದಾಗಿತ್ತು, ಅಷ್ಟೆ.

ಜೋಂಬಿ ಅಂದ ಕೂಡಲೇ ನಗು ಬರುತ್ತದೆ, ಸರಿ. ಆದರೆ 2011ರಲ್ಲಿ ಅಮೆರಿಕದ ಸಿಡಿಸಿ, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ, ಇದೇ ಜೋಂಬಿಯ ನೆಪದಲ್ಲಿ ಜನರಿಗೆ ತುರ್ತು ತಯಾರಿಯ ಪಾಠ ಹೇಳಿತ್ತು. ಓದಲು ಎಷ್ಟು ಜನ ಮುಗಿಬಿದ್ದರೆಂದರೆ ಆ ಪುಟವೇ ಕುಸಿದುಬಿತ್ತು. ಜೋಂಬಿಗೆ ತಯಾರಾದವನು ನೆರೆಗೂ ಬಿರುಗಾಳಿಗೂ ತಯಾರಾಗಿರುತ್ತಾನೆ ಅನ್ನುವುದು ಅವರ ಲೆಕ್ಕ. ನಮ್ಮ ಕಡೆಗೆ ಇದು ಇನ್ನೂ ಚೆನ್ನಾಗಿ ಹೊಂದುತ್ತದೆ. 2018ರ ಮೇ 29ರ ಮಳೆಗೆ ಮಂಗಳೂರು ಮುಳುಗಿದ್ದು, 2020ರ ಸೆಪ್ಟೆಂಬರ್‌ನಲ್ಲಿ ಉಡುಪಿಗೆ ನೆರೆ ಬಂದದ್ದು ಇಲ್ಲಿ ಯಾರಿಗೂ ಮರೆತಿಲ್ಲ.

ಡಿಸೈನ್ ಥಿಂಕಿಂಗ್‌ನಲ್ಲಿ ಐದು ಹಂತ ಅಂತ ಹೇಳಿಕೊಡುತ್ತಾರೆ: ಎಂಪಥೈಸ್ (ಕಷ್ಟ ಅರಿಯುವುದು), ಡಿಫೈನ್ (ಸಮಸ್ಯೆ ಇದೇ ಅಂತ ಗುರುತಿಸುವುದು), ಐಡಿಯೇಟ್ (ಉಪಾಯ ಹುಡುಕುವುದು), ಪ್ರೊಟೊಟೈಪ್ (ಮಾದರಿ ಮಾಡುವುದು), ಟೆಸ್ಟ್ (ಪರೀಕ್ಷಿಸುವುದು). ಮೊದಲನೆಯದರಲ್ಲಿ ಬಳಸುವವರ ಹತ್ತಿರ ಹೋಗಿ ಅವರ ಕಷ್ಟ ಕೇಳಬೇಕು. ಜೋಂಬಿಯನ್ನು ಕಂಡವರು ಎಲ್ಲಿ ಸಿಗಬೇಕು? ಹಾಗಾಗಿ ಪ್ರಶ್ನೆಯನ್ನೇ ಬದಲಾಯಿಸಿದೆವು. "ಕರೆಂಟೂ ನೆಟ್‌ವರ್ಕೂ ಹೋದ ದಿನ ನೀವು ಎಂತ ಮಾಡಿದ್ರಿ?" ಹಾಗೆ ಕೇಳಿದ್ದೇ ತಡ, ಜನ ಮಾತು ನಿಲ್ಲಿಸಲೇ ಇಲ್ಲ.

ಉಡುಪಿಯ ನೆರೆ ಕಂಡ ಒಬ್ಬರು ಆಂಟಿ ಹೇಳಿದ ಮಾತು ನಮ್ಮ ದಾರಿಯನ್ನೇ ತಿರುಗಿಸಿತು. ಅವರ ಫೋನ್ ಚಾರ್ಜ್ ಇಲ್ಲದೆ ಸತ್ತಿತ್ತು. ಎದುರು ಮನೆಯವರು ಆಗಾಗ ಟೆರೇಸಿಗೆ ಬಂದು ನಿಲ್ಲುತ್ತಿದ್ದರಂತೆ. ಏನು ಮಾತಾಡಿಕೊಳ್ಳುತ್ತಿದ್ದಿರಿ ಅಂತ ಕೇಳಿದೆ. "ಎಂತ ಮಾತಾಡ್ಲಿಕ್ಕುಂಟು ಮಾರಾಯ್ತಿ? ಅವರು ಇದ್ದಾರೆ ಅಂತ ನಮಗೆ, ನಾವಿದ್ದೇವೆ ಅಂತ ಅವರಿಗೆ. ಅಷ್ಟು ಗೊತ್ತಾದ್ರೆ ಸಾಕಿತ್ತು."

ಅಲ್ಲಿಯವರೆಗೆ ನಾವು ಯೋಚಿಸುತ್ತಿದ್ದದ್ದು ಸುದ್ದಿಯನ್ನು ಕಳಿಸುವ ಯಂತ್ರದ ಬಗ್ಗೆ. ಯಾವ ಸುದ್ದಿ ಅನ್ನುವುದರ ಬಗ್ಗೆ ಅಲ್ಲ. ಅವತ್ತು ರಾತ್ರಿ ಕುಳಿತು ಪಟ್ಟಿ ಮಾಡಿದರೆ ಬೇಕಾದ ಸುದ್ದಿ ನಾಲ್ಕೇ ನಾಲ್ಕು. ಇದ್ದೇವೆ. ಈ ಕಡೆ ಬರಬೇಡಿ. ದಾರಿ ಸರಿ ಉಂಟು, ಬನ್ನಿ. ಸಹಾಯ ಬೇಕು. ಉಳಿದದ್ದನ್ನೆಲ್ಲ ಎದುರು ಸಿಕ್ಕಾಗ ಹೇಳಿಕೊಳ್ಳಬಹುದು.

ಮಲ್ಪೆ ಬಂದರಿನಲ್ಲಿ ಬೋಟಿನ ಅಣ್ಣನೊಬ್ಬರು ತಮ್ಮ ವಯರ್‌ಲೆಸ್ ತೋರಿಸಿದರು. ಅದು ವಿಎಚ್‌ಎಫ್ ಸೆಟ್, ಬೋಟಿನವರು ಮಾತಾಡಿಕೊಳ್ಳುವ ರೇಡಿಯೋ. ಅಪಾಯದ ಕರೆಗೆ 16ನೇ ಚಾನೆಲ್. ಒಬ್ಬ ಬಟನ್ ಒತ್ತಿ ಮಾತಾಡುವಾಗ ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು, ಇಬ್ಬರು ಒಟ್ಟಿಗೆ ಒತ್ತಿದರೆ ಯಾರದ್ದೂ ನೆಟ್ಟಗೆ ಕೇಳುವುದಿಲ್ಲ ಅಂದರು. ಅದನ್ನು ಬರೆದುಕೊಂಡೆವು, ಆಮೇಲೆ ಉಪಯೋಗಕ್ಕೆ ಬಂತು.

ಆದರೆ ನಿಜವಾದ ಕೋಡ್ ಸಿಕ್ಕಿದ್ದು ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ. ನಮ್ಮ ಸಿಟಿ ಬಸ್ಸಿನ ಕಂಡಕ್ಟರ್ ಡ್ರೈವರ್ ಹತ್ತಿರ ಮಾತೇ ಆಡುವುದಿಲ್ಲ ಅಲ್ವಾ? ಒಂದು ವಿಶಲ್ ಹಾಕಿದರೆ ನಿಲ್ಲಿಸು. ಎರಡು ಹಾಕಿದರೆ ರೈಟ್, ಹೋಗು. ಬಸ್ಸಿನಲ್ಲಿ ಎಷ್ಟೇ ಗಲಾಟೆ ಇರಲಿ, ಹಾಡು ಹಾಕಿರಲಿ, ಅದು ತಪ್ಪುವುದಿಲ್ಲ. ತುಳು ಮಾತಾಡುವವರಿಗೂ ಕೊಂಕಣಿಯವರಿಗೂ ಬ್ಯಾರಿಯವರಿಗೂ ಅದು ಒಂದೇ. ಈ ಊರಲ್ಲಿ ಒಂದು ಬೋರ್ಡ್ ಬರೆಯಬೇಕಾದರೆ ಯಾವ ಭಾಷೆಯಲ್ಲಿ ಅಂತ ಮೊದಲು ಜಗಳ ಆಗುತ್ತದೆ. ವಿಶಲ್‌ಗೆ ಆ ತಾಪತ್ರಯ ಇಲ್ಲ.

ವಿಶಲ್ ಊದಿದರೆ ಜೋಂಬಿ ಬರುತ್ತದೆ ಅನ್ನುವುದೊಂದೇ ತೊಂದರೆ. ಹಾಗಾಗಿ ಸದ್ದನ್ನು ಬಿಟ್ಟು ಲೆಕ್ಕವನ್ನು ಮಾತ್ರ ಇಟ್ಟುಕೊಂಡೆವು. ಒಂದು ಅಂದರೆ ನಿಲ್ಲು, ಬರಬೇಡ. ಎರಡು ಅಂದರೆ ರೈಟ್, ಬಾ. ಮೂರು ಅಂದರೆ ಸಹಾಯ ಬೇಕು. ಯಾವುದಾದರೂ ಒಂದು ಕಾಣಿಸಿದರೆ ಆ ಮನೆಯಲ್ಲಿ ಜನ ಇದ್ದಾರೆ ಅಂತ ತಾನೇ ತಿಳಿಯುತ್ತದೆ.

ಐಡಿಯಾಗಳ ರಾತ್ರಿ ಬೇರೆ ಏನೇನೋ ಬಂದಿತ್ತು. ಪಣಂಬೂರು ಬೀಚಿನಲ್ಲಿ ಗರ್ನಾಲ್ (ದೊಡ್ಡ ಸದ್ದಿನ ಪಟಾಕಿ) ಹೊಡೆದು ಜೋಂಬಿಗಳನ್ನೆಲ್ಲ ಸಮುದ್ರಕ್ಕೆ ಇಳಿಸುವ ಯೋಜನೆ ಹಾಕಿದ್ದು ಮೆಕ್ಯಾನಿಕಲ್ ಹುಡುಗ. ಅದು ಸಂವಹನ ಅಲ್ಲ, ಆದರೂ ಚಾರ್ಟ್‌ನ ಮೂಲೆಯಲ್ಲಿ ಅಂಟಿಸಿದೆವು. ಇಸಿ ಹುಡುಗಿ ಲೋರಾ, ಅಂದರೆ ಚಿಕ್ಕ ಸಂದೇಶವನ್ನು ದೂರಕ್ಕೆ ಕಳಿಸುವ ರೇಡಿಯೋ ಮಾಡೋಣ ಅಂದಳು. ಭಾರತದಲ್ಲಿ ಅದು ಬಳಸುವ 865ರಿಂದ 868 ಮೆಗಾಹರ್ಟ್ಸ್ ತರಂಗಕ್ಕೆ ಲೈಸೆನ್ಸ್ ಬೇಡ, ಅಡ್ಡ ಏನೂ ಇಲ್ಲದಿದ್ದರೆ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ, ಕರೆಂಟೂ ಸ್ವಲ್ಪವೇ ಸಾಕು. ಒಳ್ಳೆಯ ಐಡಿಯಾನೇ. ಆದರೆ ಆ ಬೋರ್ಡ್ ಎದುರು ಮನೆಯ ಆಂಟಿ ಹತ್ತಿರವೂ ಇರಬೇಕಲ್ಲ! ಎಲ್ಲರ ಮನೆಯಲ್ಲೂ ಈಗಾಗಲೇ ಇರುವ ವಸ್ತು ಯಾವುದು ಅಂತ ಹುಡುಕುತ್ತಾ ಹೋದರೆ ಕೊನೆಗೆ ಸಿಕ್ಕಿದ್ದು ಬಟ್ಟೆ ಒಣಗಿಸುವ ಹಗ್ಗ ಮತ್ತು ಬೈರಾಸು, ಅಂದರೆ ಟವೆಲ್.

ಪ್ರೊಟೊಟೈಪ್ ಅಂದರೆ ಇಷ್ಟೇ: ಟೆರೇಸಿನಲ್ಲಿ ಒಂದು ಹಗ್ಗ, ಮೂರು ಬೈರಾಸು, ಕ್ಲಿಪ್ಪು. ಮೊದಲು ಕೆಂಪು, ಹಸಿರು ಅಂತ ಬಣ್ಣ ಇಡುವ ಮಾತಿತ್ತು. ಕೆಲವು ಗಂಡಸರಿಗೆ ಕೆಂಪು ಯಾವುದು, ಹಸಿರು ಯಾವುದು ಅಂತ ಸರಿಯಾಗಿ ತಿಳಿಯುವುದಿಲ್ಲ. ಮೋಡ ಕವಿದ ಸಂಜೆಯಲ್ಲಿ ನಮಗೇ ತಿಳಿಯುವುದಿಲ್ಲ. ಎಣಿಕೆಯಾದರೆ ಆ ಗೋಜಿಲ್ಲ. ಒದ್ದೆಯಾದ ಬೈರಾಸು ಗಾಳಿಗೆ ಹಗ್ಗಕ್ಕೇ ಸುತ್ತಿಕೊಂಡು ಎರಡಿದ್ದದ್ದು ಒಂದರಂತೆ ಕಾಣುತ್ತಿತ್ತು. ಪ್ರತಿ ಬೈರಾಸಿನ ಕೆಳಗಿನ ಅಂಚಿಗೆ ಅಡಿಕೆ ದಬ್ಬೆಯ ತುಂಡು ಕಟ್ಟಿದೆವು, ನೆಟ್ಟಗೆ ನಿಂತಿತು.

ತಂಡದ ಹುಡುಗನೊಬ್ಬನ ಅಜ್ಜಿಗೆ ಇದನ್ನೆಲ್ಲ ವಿವರಿಸಿದೆವು. ಅವರು ಪೂರ್ತಿ ಕೇಳಿ, "ಅಲ್ಲ ಮಗಾ, ಮಳೆಗಾಲದಲ್ಲಿ ಹೊರಗೆ ಬಟ್ಟೆ ಹಾಕುವವರುಂಟಾ?" ಅಂದರು. ಒಣಗಲಿಕ್ಕೆ ಅಲ್ಲ ಅಜ್ಜಿ ಅಂತ ಸಮಾಧಾನ ಮಾಡಿದರೆ ಅದಕ್ಕಿಂತ ದೊಡ್ಡ ಪ್ರಶ್ನೆ ಹಾಕಿದರು. "ಹಾಕಿದ ಮೇಲೆ ನನಗೇ ಏನಾದ್ರೂ ಆದ್ರೆ? ಬಟ್ಟೆ ಅಲ್ಲೇ ನೇತಾಡ್ತಾ ಇರ್ತದಲ್ಲ?" ಯಾವ ಜಡ್ಜ್ ಕೂಡ ಅಷ್ಟು ಒಳ್ಳೆಯ ಪ್ರಶ್ನೆ ಕೇಳಲಿಲ್ಲ. ಅದಕ್ಕಾಗಿ ಹೊಸ ನಿಯಮ ಬಂತು. ಬೆಳಿಗ್ಗೆ 7ಕ್ಕೆ ಬಟ್ಟೆ ಹಗ್ಗದ ಎಡ ತುದಿಯಲ್ಲಿ ಇರಬೇಕು, ಸಂಜೆ 6ಕ್ಕೆ ಬಲ ತುದಿಗೆ ಬರಬೇಕು. ಜಾಗ ಬದಲಾಗದಿದ್ದರೆ ಆ ಮನೆಯಲ್ಲಿ ಏನೋ ಆಗಿದೆ ಅಂತ ಅರ್ಥ. ಹೊತ್ತು ಗೊತ್ತಿದ್ದರೆ ಯಾರೂ ದಿನವಿಡೀ ಟೆರೇಸಿನಲ್ಲಿ ಕಾಯಬೇಕಾಗಿಲ್ಲ.

ರಾತ್ರಿಗೆ ಟಾರ್ಚ್. ಟಾರ್ಚಿನ ಮುಂದೆ ಪಿವಿಸಿ ಪೈಪಿನ ತುಂಡು ಸಿಕ್ಕಿಸಿ, ಒಳಗೆ ಕಪ್ಪು ಚಾರ್ಟ್ ಪೇಪರ್ ಸುತ್ತಿದೆವು. ಪೈಪ್ ಯಾವ ಮನೆಗೆ ಮುಖ ಮಾಡಿದೆಯೋ ಅವರಿಗೆ ಮಾತ್ರ ಬೆಳಕು ಚೆನ್ನಾಗಿ ಕಾಣುತ್ತದೆ. ಹೀಗಾಗಿ ಮೂರು ಮನೆಯವರು ಒಟ್ಟಿಗೆ ಉತ್ತರಿಸಿ ಗೊಂದಲ ಮಾಡುವುದು ತಪ್ಪಿತು. ಮಲ್ಪೆಯ ಅಣ್ಣ ಹೇಳಿದ್ದು ಇಲ್ಲಿ ಕೆಲಸಕ್ಕೆ ಬಂತು. ಬೆಟ್ಟ ಹತ್ತುವವರ ತುರ್ತು ಕ್ರಮ ಒಂದುಂಟು: ನಿಮಿಷಕ್ಕೆ ಆರು ಸಲ ಬೆಳಕು ಅಥವಾ ವಿಶಲ್, ಒಂದು ನಿಮಿಷ ಬಿಡುವು, ಮತ್ತೆ ಆರು. ಕಂಡವರು ನಿಮಿಷಕ್ಕೆ ಮೂರರಂತೆ ಉತ್ತರ ಕೊಡಬೇಕು. ಉತ್ತರ ಕೊಡುವ ಪದ್ಧತಿಯನ್ನು ಅಲ್ಲಿಂದ ತೆಗೆದುಕೊಂಡೆವು. ನಮ್ಮದರಲ್ಲಿ ಕಂಡವರು ಅದೇ ಸಂಖ್ಯೆಯನ್ನು ತಿರುಗಿ ತೋರಿಸಿದರೆ ಮುಟ್ಟಿತು ಅಂತ.

ಬಿಜೈಯ ಒಂದು ಫ್ಲ್ಯಾಟಿನ ಟೆರೇಸ್ ಮತ್ತು ಕದ್ರಿ ಕಡೆಯ ಒಂದು ಹಂಚಿನ ಮನೆಯ ನಡುವೆ ಟೆಸ್ಟ್ ಮಾಡಿದೆವು. ಮ್ಯಾಪಿನಲ್ಲಿ ನೋಡಿದರೆ ಹತ್ತಿರವೇ. ಆದರೆ ನಡುವೆ ತೆಂಗಿನಮರ! ಮಂಗಳೂರಿನಲ್ಲಿ ನೇರ ದೃಷ್ಟಿಗೆ ದೊಡ್ಡ ಶತ್ರು ಕಟ್ಟಡ ಅಲ್ಲ, ತೆಂಗಿನ ಗರಿ. ಮೂರನೇ ಮನೆಯೊಂದನ್ನು ನಡುವೆ ಸೇರಿಸಿದ ಮೇಲೆ ಸುದ್ದಿ ಆಚೆ ದಾಟಿತು.

ಕೋಡನ್ನು ಕಾಲೇಜು ಕ್ಯಾಂಟೀನಿನಲ್ಲೂ ಪರೀಕ್ಷಿಸಿದೆವು. ಏನೂ ಹೇಳಿಕೊಡದೆ, ಒಂದು ಮತ್ತು ಎರಡರಲ್ಲಿ ಯಾವುದು 'ಬಾ' ಅಂತ ಕೇಳಿದರೆ ಬಸ್ಸಿನಲ್ಲಿ ಓಡಾಡುವವರು ಥಟ್ಟನೆ ಎರಡು ಅಂದರು. ಕೇರಳದ ಹುಡುಗರೂ ಸರಿಯಾಗಿ ಹೇಳಿದರು. ಅವರ ಬಸ್ಸಿನಲ್ಲಿ ಬೆಲ್ಲು, ಸಿಂಗಲ್ ನಿಲ್ಲಲಿಕ್ಕೆ, ಡಬಲ್ ಹೋಗಲಿಕ್ಕೆ. ಕಾರಿನಲ್ಲಿ ಬರುವವರೇ ತಡವರಿಸಿದ್ದು. ಮೂರನ್ನು ಮಾತ್ರ ಎಲ್ಲರಿಗೂ ಕಲಿಸಬೇಕಾಯಿತು.

ಸ್ಪರ್ಧೆಯ ದಿನ ಒಬ್ಬರು ಜಡ್ಜ್, ಇದು ಎದುರು ಮನೆಗೆ ಸರಿ, ದೂರದ ಸುರತ್ಕಲ್‌ಗೆ ಹೇಗೆ ಅಂತ ಕೇಳಿದರು. 1794ರಲ್ಲಿ ಫ್ರಾನ್ಸಿನಲ್ಲಿ ಕ್ಲಾಡ್ ಶಾಪ್ ಅನ್ನುವವನು ಪ್ಯಾರಿಸ್‌ನಿಂದ ಲಿಲ್ ಊರಿಗೆ ಗೋಪುರದಿಂದ ಗೋಪುರಕ್ಕೆ ಕೈಮರದಂಥ ತೋಳುಗಳನ್ನು ತಿರುಗಿಸಿ ಸುದ್ದಿ ದಾಟಿಸಿದ್ದನ್ನು ಹೇಳಿದೆ. ಮಾತು ಬಾಯಿಂದ ಬಾಯಿಗೆ ಹೋದರೆ ಬದಲಾಗುತ್ತದೆ. ಮೂರು ಅನ್ನುವುದು ಹತ್ತು ಮನೆ ದಾಟಿದರೂ ಮೂರೇ, ಯಾಕೆಂದರೆ ಪ್ರತಿ ಮನೆಯವರೂ ಅದನ್ನು ತಿರುಗಿ ತೋರಿಸಿ ಖಾತ್ರಿ ಮಾಡುತ್ತಾರೆ. ಯಾವ ಮನೆಯಿಂದ ಹೊರಟ ಮೂರು ಅಂತ ಆ ಜಡ್ಜ್ ಮತ್ತೆ ಕೇಳಿದರು. ಅದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಮೊದಲ ಬಹುಮಾನ ಲೋರಾ ಮಾಡಿದ ಇನ್ನೊಂದು ತಂಡಕ್ಕೆ ಹೋಯಿತು. ಅವರ ಡೆಮೊ ಚೆನ್ನಾಗಿತ್ತು, ಯಾರ ಮನೆಯ ಸುದ್ದಿ ಅಂತ ಅದು ಹೆಸರು ಸಮೇತ ತೋರಿಸುತ್ತಿತ್ತು. ನಮಗೆ ಎರಡನೆಯದು. ನಮ್ಮ ಇಸಿ ಹುಡುಗಿ ಈಗ ಹ್ಯಾಮ್ ರೇಡಿಯೋ (ಹವ್ಯಾಸಿಗಳ ರೇಡಿಯೋ) ಪರೀಕ್ಷೆಗೆ ಓದುತ್ತಿದ್ದಾಳೆ. 12 ವರ್ಷ ತುಂಬಿದವರು ಯಾರು ಬೇಕಾದರೂ ಅದನ್ನು ಬರೆಯಬಹುದು.

ಇಂಥ ಸ್ಪರ್ಧೆಗೆ ಹೋಗುವವರಿದ್ದರೆ ಒಂದು ಮಾತು. ಹಾಲ್‌ನಲ್ಲಿ ಗೋಡೆಗೆ ಮೊಳೆ ಹೊಡೆಯಲು ಬಿಡುವುದಿಲ್ಲ. ಹಗ್ಗ ಕಟ್ಟಲು ನಾವು ಕೊನೇ ಗಳಿಗೆಯಲ್ಲಿ ಬ್ಯಾಡ್ಮಿಂಟನ್ ನೆಟ್‌ನ ಕಂಬ ಎರಡನ್ನು ಕಾಡಿ ಬೇಡಿ ತಂದೆವು. ಪಿಇ ಸರ್‌ಗೆ ಮೊದಲೇ ಹೇಳಿಟ್ಟುಕೊಳ್ಳಿ.